ಅದಲುಬದಲಾದ ಮುಚ್ಚಳಗಳು

ಬೆಳಕು ಹರಿಯುವ ಮೊದಲೇ ಅವಳು ಹಾಲು ಕಾಯಿಸಿ, ಅತ್ತೆಯ ಮಂಡಿಗೆ ಎಣ್ಣೆ ಬೆಚ್ಚಗೆ ಮಾಡಿಟ್ಟು, ರಾತ್ರಿಯ ಪಾತ್ರೆ ತೊಳೆದು, ಮೂರು ಡಬ್ಬಿ ತುಂಬಿ, ಗಂಡನ ಅಂಗಿಗೆ ಗುಂಡಿ ಹೊಲಿದು ಇಸ್ತ್ರಿ ಹಾಕಿದ್ದಳು. ಆರಕ್ಕೆ ಲ್ಯಾಬಿನಲ್ಲಿರಬೇಕು. ಅಲ್ಲಿ ಸೀಸೆಗಳಲ್ಲಿಟ್ಟ ರಕ್ತದ ಕೋಶಗಳು ಮೂರು ದಿನ ಬೆಳೆದು ಒಂದು ಎರಡಾಗುತ್ತಿರುವ ಗಳಿಗೆಯಲ್ಲೇ ಔಷಧಿ ಹಾಕಿ ತಡೆಯಬೇಕು. ಆಗ ಮಾತ್ರ ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಎಣಿಕೆಗೆ ಸಿಗುತ್ತವೆ. ಹನ್ನೊಂದು ವರ್ಷದಿಂದ ಅದೇ ಅವಳ ಕೆಲಸ.

ಆ ಕೆಲಸ ಬಿಡುವ ಪತ್ರ ವಾರದಿಂದ ಅವಳ ಚೀಲದಲ್ಲಿತ್ತು. ಮೂರು ಬಸಿರು ನಿಲ್ಲಲಿಲ್ಲ. "ಆ ಔಷಧಿ ವಾಸನೆ ಕುಡ್ಕೊಂಡು ಕೂತ್ರೆ ಹೊಟ್ಟೇಲಿ ಏನು ನಿಲ್ಲತ್ತೆ?" ಎನ್ನುವುದು ಅತ್ತೆಯ ತೀರ್ಪು. ಅವಳ ರಕ್ತವನ್ನು ಎರಡು ಸಲ ಪರೀಕ್ಷಿಸಿದ್ದಾಗಿತ್ತು, ದೋಷವಿರಲಿಲ್ಲ. ಗಂಡ ಮಾತ್ರ ಕಲ್ಲು ತಿಂದು ಕರಗಿಸುವ ತನಗೇಕೆ ಪರೀಕ್ಷೆ ಎಂದು ಎರಡು ವರ್ಷ ತಳ್ಳಿದ್ದ. ಇನ್ನು ತನ್ನ ಬಾಗಿಲಿಗೆ ಒಬ್ಬಳನ್ನೇ ಕಳಿಸಬೇಡಿ ಎಂದು ಡಾಕ್ಟರಮ್ಮ ಗದರಿದ ಮೇಲೆಯೇ ತೋಳು ಚಾಚಿದ್ದು.

ಸ್ವಂತ ಮನೆಯವರ ಸ್ಲೈಡನ್ನು ಯಾರೂ ನೋಡಕೂಡದೆಂಬುದು ಲ್ಯಾಬಿನ ನಿಯಮ. ಲ್ಯಾಬಿನ ಹಿರಿಯ ಮೇಡಮ್ಮು ಗಂಡನ ಸ್ಲೈಡಿಟ್ಟು ಸೂಕ್ಷ್ಮದರ್ಶಕಕ್ಕೆ ಬಗ್ಗಿ ಕೂತಿದ್ದಷ್ಟು ಹೊತ್ತೂ ಅವಳು ತೊಳೆದ ಗಾಜನ್ನೇ ಮತ್ತೆ ತೊಳೆದಳು. ಕೊನೆಗೆ ಮೇಡಮ್ಮು ಪಕ್ಕದ ಕುರ್ಚಿ ಎಳೆದರು.

"ದೋಷ ನಿಂದಲ್ಲ ಕಣೇ. ಈ ಔಷಧಿದೂ ಅಲ್ಲ."

ಅವಳು ಕೂತಳು.

ಮಧ್ಯಾಹ್ನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: ಗಂಡನ ಎರಡು ವರ್ಣತಂತುಗಳ ತುದಿಗಳು ಒಂದಕ್ಕೊಂದು ಅದಲುಬದಲಾಗಿವೆ, ಹುಟ್ಟಿನಿಂದಲೇ. ಹೊರಗೆ ಬಂದ ಮೇಲೆ ಅವನ ಮುಖ ಬಾಡಿತ್ತು.

"ಅಂದ್ರೆ ತಪ್ಪು ನಂದಾ?"

"ಯಾರ್ದೂ ಅಲ್ಲ. ಎರಡು ಪಾತ್ರೆ ಮುಚ್ಚಳ ಅದಲುಬದಲಾಗಿದೆ ಅಂದ್ಕೊ. ಮನೆ ಒಂದೇ ಇದ್ದಾಗ ಏನೂ ಕಮ್ಮಿಯಿಲ್ಲ. ಮೈ ಬೆಳೆಯೋವಾಗ ಕೋಶ ಎಲ್ಲಾನೂ ನಕಲು ಮಾಡಿ ಹೊಸ ಎರಡು ಕೋಶಕ್ಕೂ ಪೂರ್ತಿ ಕೊಡತ್ತೆ, ಅದಕ್ಕೇ ನೀನು ಗುಂಡುಕಲ್ಲಿನ ಹಾಗಿದೀಯ. ಮಗುವಿಗೆ ಕೊಡೋವಾಗ ಮಾತ್ರ ಅರ್ಧರ್ಧ ಪಾಲು. ಆಗ ಒಬ್ಬರಿಗೆ ಒಂದೇ ಥರದ ಮುಚ್ಚಳ ಎರಡು, ಇನ್ನೊಂದು ಥರದ್ದು ಇಲ್ಲವೇ ಇಲ್ಲ. ಅಂಥ ಬಸಿರು ನಿಲ್ಲಲ್ಲ."

"ಸರಿಯಾಗಿ ಪಾಲು ಬೀಳೋದೇ ಇಲ್ವಾ?"

"ಬೀಳತ್ತೆ. ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ? ಬಸಿರಲ್ಲೇ ನೋಡಿ ತಿಳ್ಕೊಬಹುದು."

ಅವನು ಬಸ್ ಸ್ಟಾಪಿನವರೆಗೆ ನಡೆದ. ಬಸ್ಸು ಬಂದಾಗ, ಅಮ್ಮನಿಗೆ ತಾನೇ ಹೇಳುವುದಾಗಿ ಹೇಳಿ ಹತ್ತಿದ.

ಅವಳು ಲ್ಯಾಬಿಗೆ ಮರಳಿದಳು. ಹೊಸ ಸೀಸೆಗಳು ಬೆಚ್ಚನೆಯ ಪೆಟ್ಟಿಗೆ ಸೇರಿದ್ದವು. ಮೂರನೆಯ ದಿನ ನಸುಕಿನಲ್ಲಿ ಅವುಗಳ ಬೆಳವಣಿಗೆ ತಡೆಯುವವರ ಹೆಸರಿನ ಜಾಗ ಪಾಳಿಯ ಹಲಗೆಯಲ್ಲಿ ಖಾಲಿಯಿತ್ತು. ಅಲ್ಲಿ ತನ್ನ ಹೆಸರು ಬರೆದಳು. ಯಾರನ್ನೂ ಕೇಳಲಿಲ್ಲ. ಆಮೇಲೆ ಚೀಲದ ಪತ್ರ ತೆಗೆದು, ತಿರುವಿ, ಖಾಲಿ ಬೆನ್ನಿನ ಮೇಲೆ ಆ ನಸುಕಿನ ಮನೆಗೆಲಸಗಳನ್ನು ಒಂದರ ಕೆಳಗೊಂದು ಬರೆದಳು: ಹಾಲು, ಎಣ್ಣೆ, ಪಾತ್ರೆ, ಡಬ್ಬಿ, ಇಸ್ತ್ರಿ. ಎಲ್ಲಕ್ಕೂ ಮೇಲೆ ಗಂಡನ ಹೆಸರು.