ಸಾವ್ಕಾರರ ಕಾರಿಗೆ ಮುಚ್ಚಳ ಕೂರಿಸಿದ್ದು

ಮುಧೋಳದ ಗ್ಯಾರೇಜಿನವರು ಕಾರು ನೋಡಿ, ನಮ್ಮಿಂದಾಗದು ಅಂತ ಕೈಮುಗಿದಿದ್ದರು. ಜಮಖಂಡಿಯವರು ಪುಣೆಗೇ ಒಯ್ಯಿರಿ ಅಂದಿದ್ದರು. ಆಮೇಲೆ ಬನಹಟ್ಟಿಯ ನೂಲಿನ ಸಾವ್ಕಾರರು ಫೋನು ಮಾಡಿದರು. ನನಗಲ್ಲ, ನಮ್ಮಪ್ಪನಿಗೆ. ಅಪ್ಪ ಅವರ ಪವರ್‌ಲೂಮಿನಲ್ಲೇ ನೇಯುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. "ನಿನ್ನ ಮಗಳು ಏನೋ ಕಾರಿಂದ ಓದ್ಯಾಳಲ್ಲ, ಕರ್ಕೊಂಡ ಬಾ" ಅಂದರಂತೆ.

ಏನೋ ಓದಿದ್ದಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇಡೀ ತರಗತಿಯಲ್ಲಿ ಲೇತ್ ಯಂತ್ರದ ಮುಂದೆ ನಿಂತ ಹುಡುಗಿಯೂ ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಜಮಖಂಡಿ ರಸ್ತೆಯ ನನ್ನ ವರ್ಕ್‌ಶಾಪು ಆಗಿನ್ನೂ ಮೊದಲ ಮಳೆಗಾಲವನ್ನೂ ಕಂಡಿರಲಿಲ್ಲ.

ಕಾರು ಎರಡೇ ಸೀಟಿನದು, ಮೇಲೆ ಬಯಲು, ಹಳೆಯ ಸ್ಪೋರ್ಟ್ಸ್ ಕಾರು. ಅದರ ಬಟ್ಟೆಯ ಹೊದಿಕೆ ಹರಿದುಹೋಗಿತ್ತು. ಬೇಕಾದಾಗ ಕೂರಿಸಿ ಬೇಡವಾದಾಗ ತೆಗೆಯುವಂಥ ಕಬ್ಬಿಣದ ಚಾವಣಿಯೊಂದು ಪುಣೆಯಿಂದ ಟೆಂಪೋದಲ್ಲಿ ಬಂದಿತ್ತು. ಹಿಂಬದಿಗೆ ಬಾಗಿದ ದೊಡ್ಡ ಗಾಜು. ಆ ಕಾರು ತಯಾರಾಗುವುದೇ ನಿಂತಿದೆ, ಗಾಜು ಒಡೆದರೆ ಇನ್ನೊಂದು ಸಿಗುವುದಿಲ್ಲ. ಗಾಜಿನ ಜೊತೆ ನನ್ನ ಹೆಸರೂ ಹೋಗುತ್ತಿತ್ತು. ಈ ಕಡೆ ಸುದ್ದಿ ಬಸ್ಸಿಗಿಂತ ಮೊದಲು ಪಕ್ಕದೂರು ಚಿಮ್ಮಡ ಮುಟ್ಟುತ್ತದೆ.

ಚಾವಣಿಯ ಅಂಚಿಗೆ ನಾಲ್ಕು ಪಿನ್ನು, ಕಾರಿನಲ್ಲಿ ನಾಲ್ಕು ತೂತು. ನಾಲ್ಕೂ ಒಟ್ಟಿಗೇ ಇಳಿಯಬೇಕು. ಒಂದು ಮೊದಲು ಇಳಿದರೆ ಚೌಕಟ್ಟು ತಿರುಚಿ ಒತ್ತಡವೆಲ್ಲ ಗಾಜಿಗೆ ಬರುತ್ತದೆ. ಇದನ್ನು ಅಪ್ಪನಿಗೂ ಮಗ್ಗದಲ್ಲಿ ಅವನ ಜೋಡಿಯಾಗಿ ದುಡಿಯುವ ಕಾಕಾನಿಗೂ ಬಿಡಿಸಿ ಹೇಳಿದೆ. ಎತ್ತುವವರು ಅವರಿಬ್ಬರೇ.

"ನೂಲು ಸುತ್ತಿದ ಮಣಭಾರದ ಬೀಮ್ ಎತ್ತಿದ ಕೈ ಇವು, ಇದೇನ ಹೆಚ್ಚಾತು ಬಿಡ" ಅಂದ ಕಾಕಾ. "ಇಂಜಿನೇರ್ ಬಾಯಾರ, ನೀವು ಬರೇ ನೋಡ್ಕೋಂತ ಕುಂದರ್ರಿ."

ಕಾರು ನಿಂತಿದ್ದ ಸಾವ್ಕಾರರ ಅಂಗಳಕ್ಕೆ ಹತ್ತಿಕೊಂಡೇ ಮಗ್ಗದ ಶೆಡ್ಡು. ಖಟಖಟ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ.

"ಮಗ್ಗ ಒಂದೀಟ ಬಂದ್ ಮಾಡಸ್ರೀ" ಅಂತ ಸಾವ್ಕಾರರ ಹತ್ತಿರ ಹೋಗಿ ಕೂಗಿ ಹೇಳಿದೆ.

ಸಾವ್ಕಾರರು ಖುರ್ಚಿಯಿಂದ ಅಲುಗಲಿಲ್ಲ. "ಒಂದ ಮುಚ್ಚಳ ಕೂಡ್ಸಾಕ ಇಡೀ ಶೆಡ್ ಬಂದ್ ಮಾಡ್ಲೇನ ಯವ್ವಾ? ನಿಮ್ಮಪ್ಪ ಅದಾನಲ್ಲ."

ತೂತುಗಳು ಕಾಣಲೆಂದು ನಾನು ಕಾರಿನೊಳಗೆ ಸೀಟಿನ ಮೇಲೆ ಮೊಣಕಾಲೂರಿ ಕೂತೆ. ಆ ಕಡೆ ಅಪ್ಪ, ಈ ಕಡೆ ಕಾಕಾ. ಚಾವಣಿ ನನ್ನ ತಲೆಯ ಮೇಲೆ ಬಂತು, ಬೆಳಕು ಕಡಿಮೆಯಾಯಿತು. ಹಿಂದಿನ ಪಿನ್ನುಗಳು ತೂತಿನಿಂದ ಇನ್ನೂ ಒಂದು ಬೆರಳಿನಷ್ಟು ಆಚೆ ಇದ್ದವು. "ತಡೀರಿ!" ಅಂತ ಕೂಗಿದೆ.

ಅವರಿಬ್ಬರೂ ನನ್ನ ಕಡೆ ನೋಡಲೇ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿದರು, ಅಪ್ಪ ತಲೆಯಾಡಿಸಿದ, ತನ್ನ ಕಡೆ ಇಳಿಸಿಯೇಬಿಟ್ಟ. ಮಗ್ಗಕ್ಕೆ ನೂಲಿನ ಬೀಮ್ ಏರಿಸುವುದು ಹಾಗೆಯೇ. ಆ ಸದ್ದಿನಲ್ಲಿ ಯಾರೂ ಬಾಯಿ ನಂಬುವುದಿಲ್ಲ, ಜೋಡಿಯ ಕಣ್ಣು ನೋಡುತ್ತಾರೆ. ಒಂದು ತುದಿ ಕೂರಿಸಿ, ಅದರ ಮೇಲೆ ಭಾರ ಬಿಟ್ಟು, ಆಮೇಲೆ ಇನ್ನೊಂದು.

ಚಾವಣಿ ವಾಲಿತು. ನನ್ನ ಕಿವಿಯ ಹತ್ತಿರವೇ ಗಾಜು ಕಿರ್ ಅಂದಿತು. ಎರಡೂ ಅಂಗೈ ಮೇಲೆ ಕೊಟ್ಟು ತಡೆದೆ. ಕೂಗಿದರೆ ಕೇಳದು, ಕೈ ಬಿಟ್ಟರೆ ಉಳಿಯದು. ಕಾಲಿನಿಂದ ಬಾಗಿಲನ್ನು ಒಳಗಿನಿಂದ ಬಡಿದೆ, ಮತ್ತೆ ಬಡಿದೆ. ಅಪ್ಪನಿಗೆ ಅದು ಕೇಳಿಸಿತೋ, ಮೈಗೆ ತಾಗಿತೋ, ಬಗ್ಗಿ ನೋಡಿದ. ನನ್ನ ಮುಖ ಕಂಡದ್ದೇ ಎತ್ತಿದ.

ಕೆಳಗಿಳಿಸಿ ಗೋಣಿಚೀಲದ ಮೇಲೆ ಇಟ್ಟರು. ಗಾಜಿನ ಸುತ್ತ ಬೆರಳಾಡಿಸಿದೆ. ಒಡೆದಿರಲಿಲ್ಲ.

"ಏನಾತು?" ಸಾವ್ಕಾರರು ಕೇಳಿದ್ದು ಅಪ್ಪನನ್ನು. "ಪುಣೆಯವರನ್ನ ಕರಸೂಣೇನ?"

ನಾನು ಅಪ್ಪನ ಕಿವಿಗೆ ಬಾಯಿ ಹಚ್ಚಿದೆ. "ಅಪ್ಪಾ, ಈ ಸಲ ಕಾಕಾನ ನೋಡಬ್ಯಾಡ. ನನ್ನ ನೋಡ. ನಾ ಮುಷ್ಟಿ ಇಳಿಸೂತನಾ ಇಳಿಸಬ್ಯಾಡ."

"ಕೈ ಸೋತ್ರ?"

"ಸೋತ್ರೂ ಇಳಿಸಬ್ಯಾಡ."

ಅಪ್ಪನಿಗೆ ಹಾಗೆ ಹೇಳಿದ್ದು ಅದೇ ಮೊದಲು, ಅದೂ ಅವನ ಸಾವ್ಕಾರರ ಎದುರಿಗೆ. ಕಾಕಾ ತಮಾಷೆ ಬಿಟ್ಟಿದ್ದ.

ಪಿನ್ನು ಎಲ್ಲಿದೆಯೋ ಅಲ್ಲಿ ಚಾವಣಿಯ ಹೊರಮೈಗೆ, ತೂತು ಎಲ್ಲಿದೆಯೋ ಅಲ್ಲಿ ಕಾರಿನ ಮೈಗೆ ಬಿಳಿ ಟೇಪು ಅಂಟಿಸಿದೆ. ಈಗ ಒಳಗೆ ಕೂರುವ ಕೆಲಸವಿರಲಿಲ್ಲ. ಇಬ್ಬರಿಗೂ ಕಾಣುವ ಹಾಗೆ ಕಾರಿನ ಹಿಂದೆ ನಿಂತೆ. ಸಣ್ಣವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅಲ್ಲಿಯ ಕೈಸನ್ನೆ ಕಲಿತದ್ದು ಆಗಲೇ. ಅಂಗೈ ಎತ್ತಿದರೆ ನಿಲ್ಲು, ಮುಷ್ಟಿ ಇಳಿಸಿದರೆ ಇಳಿಸು. ಅಲ್ಲಿ ಎಲ್ಲರದೂ ಅದೇ ಭಾಷೆ.

ಎತ್ತಿದರು. ಅಂಗೈ ಎತ್ತಿದೆ. ಎಡಕ್ಕೆ ಸ್ವಲ್ಪ ಅಂತ ಇನ್ನೊಂದು ಕೈಯಿಂದ ಸನ್ನೆ ಮಾಡಿದೆ. ಟೇಪುಗಳು ಹತ್ತಿರ ಬಂದವು, ಮತ್ತೆ ತಪ್ಪಿದವು. ಅಷ್ಟರಲ್ಲಿ ಗಾಳಿ ಎದ್ದು ಚಾವಣಿಯನ್ನು ದೂಡಿತು. ಕಾಕಾ ರೂಢಿಯಂತೆ ಅಪ್ಪನ ಕಡೆ ನೋಡಿದ. ಅಪ್ಪ ಅವನನ್ನು ನೋಡಲಿಲ್ಲ, ಆಗ ಕಾಕಾನೂ ನನ್ನ ಕಡೆ ತಿರುಗಿದ. ಅಪ್ಪನ ತೋಳಿನ ನರಗಳು ಉಬ್ಬಿದ್ದವು, ಮೊಣಕೈ ನಡುಗುತ್ತಿತ್ತು, ಕಣ್ಣು ನನ್ನ ಕೈ ಬಿಟ್ಟು ಕದಲಲಿಲ್ಲ. ಗಾಳಿ ಸರಿಯುವವರೆಗೆ ನಾನು ಅಂಗೈ ಇಳಿಸಲಿಲ್ಲ.

ಟೇಪಿಗೆ ಟೇಪು ಕೂಡಿತು. ಮುಷ್ಟಿ ಇಳಿಸಿದೆ.

ನಾಲ್ಕೂ ಒಮ್ಮೆಗೇ ಕೂತವು. ಓಡಿಹೋಗಿ ಒಳಗಿನ ಚಿಲಕಗಳನ್ನು ತಿರುವಿದೆ.

ಸಾವ್ಕಾರರು ಎದ್ದು ಬಂದು ಚಾವಣಿ ತಟ್ಟಿದರು. "ಛಲೋ ಆತಲ್ಲೋ" ಅಂದರು ಅಪ್ಪನಿಗೆ. "ಮತ್ತ ತೆಗಿಯೂದು ಹ್ಯಾಂಗ?"

ಅಪ್ಪ ಹೆಗಲಿನ ಟಾವೆಲ್‌ನಿಂದ ಮುಖ ಒರೆಸಿಕೊಂಡ. "ನನಗೇನ ಕೇಳ್ತೀರಿ, ಅಕೀನ್ನ ಕೇಳ್ರಿ."

ಸಾವ್ಕಾರರು ಆವತ್ತು ಮೊದಲ ಸಲ ಕೆಲಸದ ಮಾತನ್ನು ನನ್ನ ಕಡೆ ತಿರುಗಿ ಕೇಳಿದರು. "ಹ್ಯಾಂಗವಾ ತಂಗಿ?"

"ಹೇಳ್ತೇನ್ರಿ" ಅಂದೆ. "ಮೊದಲ ಮಗ್ಗ ಬಂದ್ ಮಾಡಸ್ರಿ."

ಮಾಡಿಸಿದರು.