ಬಾಲ ಉಳಿಸಿಕೊಂಡ ಕುರಿಗಳು

ಕುರಿಯ ಬೆನ್ನ ಮೇಲೆ ಕೈಯಿಟ್ಟ ಕೂಡಲೇ ಚಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೆಬ್ಬೆರಳು ಬೆನ್ನೆಲುಬಿನ ಈಚೆ, ಉಳಿದ ಬೆರಳು ಆಚೆ; ಉಣ್ಣೆಯೊಳಗೆ ಮೆಲ್ಲಗೆ ಒತ್ತುತ್ತಾ ಸೊಂಟದವರೆಗೂ ಹೋಗುವರು. ಮೂಳೆ ಚುಚ್ಚಿದರೆ ಇನ್ನೂ ಮೇಯಬೇಕು, ಮೂಳೆಯೇ ಸಿಗದಿದ್ದರೆ ಬರೀ ಕೊಬ್ಬು. ಗ್ರೋಸರಿಯಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಮಾಂಸವನ್ನೂ ಹಾಗೇ ಒತ್ತಿ ನೋಡಿ ವಾಪಸ್ಸಿಡುವರು. “ಇದು ಕುರಿ ಅಲ್ಲೋ ತಮ್ಮಾ, ಕುರೀದು ಫೋಟೋ.”

ಹುಬ್ಬಳ್ಳಿಯವರು. ಕಡಲಾಚೆ ಯೂನಿಯನ್ ಸಿಟಿಯಲ್ಲಿ ನನ್ನ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆಗಿದ್ದರು. ಮಗನಿಗೆ ಸ್ಟಾರ್ಟಪ್ಪಿನ ಕೆಲಸ, ಪುರುಸೊತ್ತಿಲ್ಲ. ನನಗೋ ಕುರಿಯ ಹುಚ್ಚು. ಬೆಂಗಳೂರಲ್ಲಿ ಬೆಳೆದವನು, ಒಂದು ಕುರಿಯನ್ನೂ ಮುಟ್ಟಿ ಗೊತ್ತಿಲ್ಲ. ಲೈಬ್ರರಿ ಪುಸ್ತಕ, ಇಂಟರ್ನೆಟ್ಟು ನೋಡಿಯೇ ತಳಿಗಳ ಹೆಸರೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಗಿಲ್‌ರಾಯ್ ಕಡೆ ಶಾಲೆಯ ಮಕ್ಕಳು ತಲೆಗೊಂದು ಮರಿ ಸಾಕಿ ಬೇಸಿಗೆಯ ಕೌಂಟಿ ಫೇರೆಂಬ ಜಾತ್ರೆಯಲ್ಲಿ ಹರಾಜಿಗಿಡುತ್ತಾರೆ, ಬಂದ ದುಡ್ಡಲ್ಲಿ ಮುಂದಿನ ವರ್ಷದ ಮರಿ ಕೊಳ್ಳುತ್ತಾರೆ ಎಂದು ಹೇಳಿದ್ದು ನಾನೇ. ಆ ಶನಿವಾರವೇ ಚಾಚಿ ನನ್ನ ಕಾರು ಹತ್ತಿದರು.

ಅಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ, ಅವಳ ಜೊತೆಯ ಮಕ್ಕಳು, ಹುಟ್ಟಿ ನಾಲ್ಕು ದಿನವಾಗದ ಮರಿಗಳನ್ನು ತೋರಿಸಿದರು. ಬಾಲಕ್ಕೆ ರಬ್ಬರ್ ಉಂಗುರ ಬಿಗಿದು ಉದುರಿಸಲು ಸಿದ್ಧವಾಗಿದ್ದರು. ಬಾಲವಿದ್ದರೆ ಫೇರಿಗೆ ಸೇರಿಸುವುದಿಲ್ಲವಂತೆ. ಚಾಚಿ ತಡೆದರು. ಬಕ್ರೀದಿಗೆ ಕೊಡುವ ಕುರಿಗೆ ವರ್ಷ ತುಂಬಿರಬೇಕು, ಯಾವ ಅಂಗವೂ ಊನವಾಗಿರಬಾರದು. ಬಾಲ ಬಿಡಿ, ಫೇರಿಗೆ ಒಯ್ಯಬೇಡಿ, ವರ್ಷ ತುಂಬಿಸಿ, ಅಷ್ಟನ್ನೂ ಬಕ್ರೀದಿಗೆ ನಮ್ಮವರೇ ಕೊಳ್ಳುತ್ತಾರೆ ಎಂದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿಸಿದರು: “ಇದನ್ನ ನಾವು ಕಡದು ತಿಂತೀವಿ ಅಂತ ಈಗ ಹೇಳು. ಆಮ್ಯಾಲೆ ಆಕಿ ಅತ್ತರ ನಂಗ ಉಣ್ಣಾಕ ಆಗೂದಿಲ್ಲ.” ಹುಡುಗಿ, ನನಗೆ ಗೊತ್ತು ಎಂದಳು.

ಆಗ ಎಲ್ಲರ ಜೇಬೂ ಷೇರಿನಿಂದ ಉಬ್ಬಿತ್ತು. ಶುಕ್ರವಾರದ ಜುಮ್ಮಾ ನಮಾಜು ಮುಗಿಸಿದವರು ಮಸೀದಿಯ ಪಾರ್ಕಿಂಗಿನಲ್ಲಿ ಚಾಚಿಯ ಸುತ್ತ ನಿಂತು ನನಗೊಂದು, ನನಗೆರಡು ಎಂದರು. ಮಕ್ಕಳು ಸಾಕಿದ ಕುರಿ, ಮಕ್ಕಳಿಗೇ ಸಹಾಯ ಎಂದು ಸಣ್ಣ ಭಾಷಣ ಮಾಡಿದವರೂ ಇದ್ದರು.

ಚಳಿಗಾಲ ಬರುವಷ್ಟರಲ್ಲಿ ಷೇರು ಕುಸಿದು ಕಂಪನಿಗಳು ಮುಚ್ಚತೊಡಗಿದವು. ಚಾಚಿಯ ಮಗನ ಕೆಲಸವೂ ಹೋಯಿತು. ಕೆಲಸ ಕಳೆದುಕೊಂಡವರನ್ನು ಚಾಚಿ ಕೇಳಲೇ ಇಲ್ಲ. ಕೆಲಸ ಉಳಿದವರಿಗೆ, ಹೊಸ ಮನೆ ಕೊಂಡವರಿಗೆ ಮಾತ್ರ ಫೋನ್ ಮಾಡಿದರು. ಮೈಸೂರಿನವರೊಬ್ಬರು ನಗುತ್ತಲೇ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು: “ಈ ಸಲ ಊರಲ್ಲೇ ಕುರ್ಬಾನಿ ಮಾಡಿಸ್ತಿದೀವಿ ಚಾಚಿ, ಖರ್ಚೂ ಕಮ್ಮಿ. ಬಾಲ ಇರೋ ಕುರಿ ಅಲ್ಲೂ ಸಿಗತ್ತೆ ಬಿಡಿ.” ಊರಿನ ಬಡವರಿಗೂ ಮಾಂಸ ಸಿಕ್ಕಂತಾಯಿತು ಎಂಬ ಪುಣ್ಯದ ಮಾತು ಬೇರೆ. ಉಳಿದವರದೂ ಅದೇ ಉತ್ತರ.

ಬಕ್ರೀದಿನ ದಿನ ಹೋದವರು ನಾವಿಬ್ಬರೇ. ಮಕ್ಕಳು ಕುರಿಗಳನ್ನು ತೊಳೆದು, ಬಾಚಿ, ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಚಾಚಿ ಒಂದು ಕೊಂಡರು, ನಾನೊಂದು. ಉಳಿದವನ್ನು ಒಬ್ಬ ವ್ಯಾಪಾರಿ, ಬಲಿತ ಕುರಿ ಯಾರಿಗೂ ಬೇಡ ಎಂದು ಮೂಗು ಮುರಿಯುತ್ತಲೇ ಅಗ್ಗಕ್ಕೆ ಟ್ರಕ್ಕಿಗೆ ಹತ್ತಿಸಿಕೊಂಡ. ಕಂಬಿಗಳ ನಡುವೆ ಬಾಲಗಳು ಆಡುತ್ತಿದ್ದವು. ಹುಡುಗಿ ಅಳಲಿಲ್ಲ. ಮುಂದಿನ ವರ್ಷವೂ ಬಾಲ ಬಿಡಬೇಕಾ ಎಂದು ಚಾಚಿಯನ್ನು ಕೇಳಿದಳು. ನಾನು ತಿರುಗಿಸಿ ಹೇಳುವವರೆಗೂ ಚಾಚಿ ಕಾಯಲಿಲ್ಲ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, “ಕಟ್” ಎಂದರು.

ಕಾರಿನಲ್ಲಿ ವಾಪಸ್ಸಾದೆವು. ಮನೆ ಹತ್ತಿರ ಬಂದಾಗ, “ಕುರಿ ಪೂರಾ ಇದ್ವು ತಮ್ಮಾ. ಊನ ನಮ್ಮ ನಾಲಿಗ್ಯಾಗಿತ್ತು,” ಎಂದರು.

ಮರುವರ್ಷ ಚಾಚಿ ತೀರಿಕೊಂಡರು. ನಲವತ್ತನೇ ದಿನದ ಊಟಕ್ಕೆ ಎಲ್ಲರೂ ಬಂದಿದ್ದರು. ಚಾಚಿಯಂಥವರು ಇನ್ನು ಹುಟ್ಟುವುದಿಲ್ಲ ಎಂದರು. ಬಿರಿಯಾನಿಯ ಮಾಂಸ ಹಡಗಿನಲ್ಲಿ ಬಂದ ಫ್ರೀಜರಿನದು. ಆ ಮೈಸೂರಿನವರೇ ತರಿಸಿಕೊಟ್ಟಿದ್ದರಂತೆ. ತಾವೂ ಎರಡು ಸಲ ಹಾಕಿಸಿಕೊಂಡರು.

ಪ್ರತಿ ಬೇಸಿಗೆ ಫೇರಿಗೆ ಹೋಗಿ ಮಕ್ಕಳ ಹತ್ತಿರವೇ ಕುರಿ ಕೊಳ್ಳುತ್ತೇನೆ. ಚಾಚಿ ಕಲಿಸಿದ ಹಾಗೆ ಕಣ್ಣು ಮುಚ್ಚಿ ಬೆನ್ನು ಒತ್ತುತ್ತೇನೆ. ಒಳ್ಳೆಯ ಕುರಿಗಳೇ. ಕೈ ಬೆನ್ನಿನ ಕೊನೆಗೆ ಬಂದಾಗ ಕಣ್ಣು ತಾನಾಗಿ ತೆರೆಯುತ್ತದೆ. ಒಂದಕ್ಕೂ ಬಾಲವಿರುವುದಿಲ್ಲ.