ಸೀದಾ ಒಂದು, ಉಲ್ಟಾ ಒಂದು

ಕಳೆದ ವಾರ ಶಿಗ್ಗಾವಿಯ ಆಸ್ಪತ್ರೆಯಲ್ಲಿ ಮಗನ ಕೈಗೆ ಪ್ಲಾಸ್ಟರ್ ಹಾಕಿಸಿದೆ. ಹಸಿ ಸುಣ್ಣದ ಗೋಡೆಯಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೆರಡು ವರ್ಷದ ಹಿಂದಿನ ಚಿಕ್ಕೇರೂರಿನ ನಮ್ಮ ಪಡಸಾಲೆ, ಅಲ್ಲಿನ ಹೊರಸು, ಹೊರಸಿನ ಮೇಲೆ ಕೊರಡಿನಂತೆ ಬಿದ್ದಿದ್ದ ನನ್ನ ಕಾಲು... ಎಲ್ಲ ಕಣ್ಣೆದುರು ನಿಂತವು. ಜೊತೆಗೆ ಚಿಗವ್ವನೂ.

ರಕ್ತಸಂಬಂಧವಲ್ಲ, ಓಣಿಯ ಲೆಕ್ಕದಲ್ಲಿ ಚಿಗವ್ವ. ಗೋಡೆಗೆ ಗೋಡೆ ಹಚ್ಚಿದ ಮನೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದಳು. ಮನೆಯಲ್ಲಿ ಉಳಿದವಳು ಅತ್ತೆ, ಲಕ್ವಾ ಹೊಡೆದು ಆರು ವರ್ಷದಿಂದ ಹಾಸಿಗೆ ಹಿಡಿದವಳು. ಮುದುಕಿಯ ಒಂದು ಮಗ್ಗುಲು ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ಅವಳ ಬೈಗುಳಕ್ಕೆ ಹೆದರಿ ಓಣಿಯ ಹೆಂಗಸರು ಆ ಹೊಸ್ತಿಲು ತುಳಿಯುತ್ತಿರಲಿಲ್ಲ.

ನನಗಾಗ ಹತ್ತೊಂಬತ್ತು. ಗೊಂಜಾಳದ ತೆನೆ ಹೇರಿದ ಟ್ರೇಲರ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡು, ಹಾನಗಲ್ಲಿನ ಕಾಲೇಜು ಬಿಟ್ಟು ಮೂರು ತಿಂಗಳು ಮಲಗಿದೆ. ಅಪ್ಪ, ಅವ್ವ ಹೊಲಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಹಲ್ಲಿಗಳು. ಜಂತಿ ಎಣಿಸುವುದೆಂದರೆ ಏನೆಂದು ಆಗ ಗೊತ್ತಾಯಿತು. ನಮ್ಮ ಮನೆಯವು ಹದಿನೇಳು.

ಮಧ್ಯಾಹ್ನ ಅತ್ತೆ ನಿದ್ದೆ ಹೋದಾಗ ಚಿಗವ್ವ ಉಲ್ಲನ್ ಉಂಡೆ ಹಿಡಿದು ಬರುತ್ತಿದ್ದಳು. ಮಗಳಿಗೆ ದಿನ ತುಂಬುತ್ತಿದ್ದವು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ಆದರೆ ಅತ್ತೆಯ ಹೊಲಸು ಬಳಿಯುವುದರಲ್ಲೇ ಹೊತ್ತು ಹೋಗುವ ಮನೆಯಲ್ಲಿ ಬಾಣಂತಿಯನ್ನು ನೋಡಿಕೊಳ್ಳುವವರು ಯಾರು? ಮಗಳನ್ನು ಕರೆತರಲಾಗಲಿಲ್ಲ. ಹುಟ್ಟುವ ಕೂಸಿನ ತಲೆಗೆ ಒಂದು ಕುಲಾವಿಯನ್ನಾದರೂ ಹೆಣೆಯೋಣವೆಂದು ಕೂತಿದ್ದಳು.

"ಸುಮ್ನ ಯಾಕ ಬಿದ್ದೀ? ಕಲಿ" ಎಂದು ನನ್ನ ಕೈಗೂ ಎರಡು ಸೂಜಿ ಕೊಟ್ಟಳು. ಇಪ್ಪತ್ತು ಕುಣಿಕೆ ತಾನೇ ಹಾಕಿಕೊಟ್ಟಳು. ದಾರ ಸೂಜಿಯ ಹಿಂದಿದ್ದರೆ ಸೀದಾ, ಮುಂದೆ ತಂದುಕೊಂಡರೆ ಉಲ್ಟಾ. ಇಷ್ಟೇ ವಿದ್ಯೆ. ಇಷ್ಟಕ್ಕೇ ನನ್ನ ಬೆರಳು ಬೆವರಿದವು. ಮುಂದೆ ತಂದ ದಾರವನ್ನು ಹಿಂದೆ ಒಯ್ಯುವುದು ಮರೆತು, ಇಲ್ಲದ ಕುಣಿಕೆಗಳೆಲ್ಲ ಹುಟ್ಟಿಕೊಂಡು, ಇಪ್ಪತ್ತಿದ್ದದ್ದು ಮೂವತ್ತೊಂದಾಯಿತು.

"ಯವ್ವಾ, ಪಟ್ಟಿ ಹೆಣಿ ಅಂದ್ರ ಗಾಳಿಪಟ ಹೆಣದೀಯಲ್ಲ!" ಎಂದು ನಕ್ಕು ಎಲ್ಲ ಬಿಚ್ಚಿಬಿಟ್ಟಳು.

"ಸಾಲಿನ ನಡುವ ಎದ್ದು ಹೋಗಬ್ಯಾಡ. ತಿರುಗಿ ಬಂದಾಗ ಎತ್ತ ಹೊಂಟಿದ್ದಿ ಅನ್ನೂದ ಮರೀತೈತಿ" ಎಂದು ನನಗೆ ಹೇಳುವವಳು ತಾನು ದಿನವೂ ಸಾಲಿನ ನಡುವೆಯೇ ಏಳುತ್ತಿದ್ದಳು. ಗೋಡೆಯಾಚೆ ಅತ್ತೆ ಚಮಚದಿಂದ ತಂಬಿಗೆ ಬಡಿದಳೋ, ಹೆಣಿಗೆಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಓಡುತ್ತಿದ್ದಳು. ಬಂದ ಮೇಲೆ "ಈ ಕಡೆ ಬೇ ಚಿಗವ್ವ, ಉಲ್ಟಾ" ಎಂದು ನೆನಪಿಸುವುದು ನನ್ನ ಕೆಲಸ. ಆ ತಂಬಿಗೆಯ ಸದ್ದಿಗೆ ನನ್ನ ಮೈಯೂ ಉರಿಯುತ್ತಿತ್ತು. ನನಗಾದರೋ ಪ್ಲಾಸ್ಟರ್ ಬಿಚ್ಚುವ ದಿನ ಗೊತ್ತಿತ್ತು.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಕುಲಾವಿ ಮುಗಿಯಿತು. ನನ್ನ ಪ್ಲಾಸ್ಟರೂ ಬಿಚ್ಚಿದರು. ಹಾನಗಲ್ಲಿನ ಹಾಸ್ಟೆಲ್ಲಿಗೆ ಹೊರಟು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಚಿಗವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಐತವಾರ ಒಂದಿನ ಬರ್ತೀಯೇನವ್ವ, ಅತ್ತಿ ಹತ್ರ ಕುಂದರಾಕ? ಮುಂಜಾನಿ ಬಸ್ಸಿಗೆ ಹೋಗಿ, ಕೂಸಿನ ಮಾರಿ ನೋಡಿ, ಸಂಜಿಗೆ ಬಂದಬಿಡ್ತೇನಿ. ನಿನಗ ಆಕಿ ಬೈಯೂದಿಲ್ಲ."

ಇನ್ನೊಂದು ದಿನ... ಮತ್ತೆ ಹಾಸಿಗೆ, ಮತ್ತೆ ಆ ಕತ್ತಲ ಕೋಣೆ, ಆ ತಂಬಿಗೆ. ಚೀಲವನ್ನು ಹೆಗಲಿಗೇರಿಸಿದೆ. "ಬರ್ತೇನಿ ಬೇ ಚಿಗವ್ವ" ಎಂದೆ.

ನಮ್ಮ ಕಡೆ ಹೊರಡುವವರು ಹೋಗ್ತೇನಿ ಎನ್ನುವುದಿಲ್ಲ, ಬರ್ತೇನಿ ಎನ್ನುತ್ತಾರೆ. ನಾನು ಹೇಳಿದ್ದು ಆ ಬರ್ತೇನಿ. ಅವಳು ಕೇಳಿಸಿಕೊಂಡದ್ದು ಐತವಾರದ ಬರ್ತೇನಿ. ಅವಳ ಮುಖ ಅರಳಿದ್ದು ಕಂಡಿತು, ತಪ್ಪು ತಿಳಿದಳೆಂದು ಗೊತ್ತೂ ಆಯಿತು. ಆದರೂ ಬಿಡಿಸಿ ಹೇಳದೆ ಬಸ್ಸು ಹತ್ತಿದೆ. ಕಳ್ಳಿ ನಾನು.

ದೀಪಾವಳಿಗೆ ಊರಿಗೆ ಬಂದಾಗ ಅವ್ವ ಕೇಳಿದಳು: "ಯಾಕ ಹಂಗ ಮಾಡಿದಿ? ಐತವಾರ ಆಕಿ ಹೊಸಾ ಸೀರಿ ಉಟಗೊಂಡು, ಚೀಲ ಹಿಡಕೊಂಡು ನಿನ್ನ ಹಾದಿ ಕಾದಾಳ. ನಾವು ಹೊಲದಿಂದ ಬಂದಾಗೂ ಕಟ್ಟಿ ಮ್ಯಾಲ ಕುಂತಿದ್ಲು."

ಚಿಗವ್ವ ಮಾತ್ರ ಬೈಯಲಿಲ್ಲ. "ಕಾಲು ಇನ್ನೂ ನೋಯ್ತೈತೇನವ್ವ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಯಾರದೋ ಕೈಯಲ್ಲಿ ಕಳಿಸಿದ ಕುಲಾವಿ ಮುಟ್ಟುವಷ್ಟರಲ್ಲಿ ಕೂಸಿನ ತಲೆಗೆ ಚಿಕ್ಕದಾಗಿತ್ತಂತೆ. ಅತ್ತೆ ಇನ್ನೂ ಐದು ವರ್ಷ ಬದುಕಿದಳು. ಅಷ್ಟೂ ವರ್ಷ ಬೀಗರು ಕೂಸನ್ನು ಆ ರೋಗದ ಮನೆಗೆ ಕಳಿಸಲಿಲ್ಲ. ಅವಳ ದಿನಕರ್ಮ ಮುಗಿಸಿ ಚಿಗವ್ವ ಹತ್ತಿಮತ್ತೂರಿಗೆ ಹೋದಾಗ, ಮೊಮ್ಮಗಳು ತಾಯಿಯ ಸೀರೆಯ ಹಿಂದೆ ಅಡಗಿಕೊಂಡು "ಯಾರಬೇ ಈಕಿ?" ಎಂದಳಂತೆ. ಇದನ್ನು ಚಿಗವ್ವನೇ ನನಗೆ ನಗುತ್ತ ಹೇಳಿದ್ದಳು... ನಾನು ನಗಲಿಲ್ಲ.

ಎರಡು ತಿಂಗಳ ಹಿಂದೆ ಚಿಗವ್ವ ತೀರಿಕೊಂಡಳು. ಸುದ್ದಿ ಕೇಳಿ ಮೊದಲ ಬಸ್ಸಿಗೇ ಹೋದೆ. ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಹತ್ತಿಮತ್ತೂರಿನವರು ಬರುವವರೆಗೆ ಅವಳ ಮಗ್ಗುಲಲ್ಲೇ ಕುಳಿತೆ, ನೀರಿಗೂ ಏಳಲಿಲ್ಲ. ಮೊಮ್ಮಗಳೂ ಬಂದಿದ್ದಳು. ಅತ್ತು ಸಮಾಧಾನವಾದ ಮೇಲೆ ನನ್ನತ್ತ ತಿರುಗಿ "ಆಯಿಗೆ ನೀವು ಏನಾಗಬೇಕ್ರಿ?" ಎಂದಳು.

"ಬಾಜೂ ಮನ್ಯಾಕಿ" ಎಂದೆ.

ಸತ್ತ ಮನೆಯಿಂದ ಹೊರಡುವಾಗ ಬರ್ತೇನಿ ಎನ್ನುವ ರೂಢಿ ನಮ್ಮಲ್ಲಿಲ್ಲ. ನಾನೂ ಅನ್ನಲಿಲ್ಲ. ಆ ಮಾತನ್ನು ನನ್ನ ಬಾಯಿಂದ ನಂಬಿ ಕಾಯುವವರು ಈಗ ಆ ಓಣಿಯಲ್ಲಿ ಯಾರೂ ಇಲ್ಲ.